ಮಣ್ಣಿನ ಸೂಕ್ಷ್ಮಜೀವಿಗಳೂ ಲೋಹದ ವಿಷವೂ

ಪೀಠಿಕೆ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನಮಗೊಂದು ಕಾಗದ ಬಂತು. ಅವಳ ಮನೆಯ ಹಿತ್ತಲಿಗೆ ಹೊಂದಿದಂತೆ, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸವನ್ನು ಕರಗಿಸುವ ಕೊಟ್ಟಿಗೆಯೊಂದು ಬಹುಕಾಲದಿಂದ ಇತ್ತಂತೆ. ಈಗ ಅದು ಮುಚ್ಚಿಹೋಗಿದ್ದರೂ, ಹಿತ್ತಲಿನ ಮಣ್ಣನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಸೀಸವು ಮಿತಿಮೀರಿ ಇರುವುದಾಗಿ ತಿಳಿದುಬಂತಂತೆ. ಈ ಸುದ್ದಿಯನ್ನು ಕೇಳಿದ ಒಬ್ಬ ವ್ಯಾಪಾರಿಯು ಬಂದು, ತನ್ನಲ್ಲಿರುವ ಜೀವಾಣುಗಳ ಪುಡಿಯನ್ನು ನೀರಿನಲ್ಲಿ ಕದಡಿ ಚೆಲ್ಲಿದರೆ ಅವು ಸೀಸವನ್ನೆಲ್ಲ ತಿಂದು ಮೂರು ತಿಂಗಳೊಳಗೆ ಮಣ್ಣನ್ನು ಶುದ್ಧಮಾಡುವುವೆಂದು ಹೇಳಿ ಹೋದನಂತೆ.

“ಟೀಚರಮ್ಮನವರೇ, ತಾವು ನಮಗೆ ಗೊಬ್ಬರದ ಗುಂಡಿಯ ಪಾಠವನ್ನು ಹೇಳಿದಾಗ, ಮಣ್ಣಿನ ಜೀವಾಣುಗಳು ಯಾವ ಹೊಲಸನ್ನಾದರೂ ಕರಗಿಸಿ ಇಲ್ಲದಂತೆ ಮಾಡುತ್ತವೆಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆದುದರಿಂದ ಈತನ ಮಾತನ್ನು ನಂಬಬಹುದೆಂದು ನನಗೆ ತೋರುತ್ತದೆ. ತಾವು ಏನು ಹೇಳುತ್ತೀರಿ? ನನ್ನ ಎರಡು ವರ್ಷದ ಮಗಳು ಆ ಹಿತ್ತಲಿನಲ್ಲೇ ಆಡುತ್ತಾಳೆ, ಅಲ್ಲಿ ಬೆಳೆದ ಹರಿವೆಸೊಪ್ಪನ್ನೇ ನಾವು ಉಣ್ಣುತ್ತೇವೆ” ಎಂದು ಅವಳು ಬರೆದಿದ್ದಳು.

ಈ ಕಾಗದವನ್ನು ಓದಿದಾಗ ನಮಗೆ ಆದ ಕಳವಳವು ಎರಡು ಬಗೆಯದು. ಮೊದಲನೆಯದು, ಆ ಮಗುವಿನ ವಿಷಯವಾದದ್ದು. ಎರಡನೆಯದು, ನಮ್ಮ ಪಾಠದ ವಿಷಯವಾದದ್ದು. “ಯಾವ ಹೊಲಸನ್ನಾದರೂ” ಎಂದು ನಾವು ಹೇಳಿದ್ದು ನಿಜವಾಗಿದ್ದರೆ, ಆ ಮಾತು ತಪ್ಪು. ಮಕ್ಕಳು ಪಾಠದಲ್ಲಿ ಕೇಳಿದ ಒಂದು ಸಡಿಲ ಮಾತು ಇಪ್ಪತ್ತು ವರ್ಷಗಳಾದ ಮೇಲೆ ಒಬ್ಬ ತಾಯಿಯನ್ನು ಮೋಸಕ್ಕೆ ಗುರಿಮಾಡಬಹುದೆಂಬುದನ್ನು ನಾವು ಅಂದು ಅರಿತೆವು. ಅವಳಿಗೆ ಆ ದಿನವೇ ಸಂಕ್ಷೇಪವಾಗಿ ಉತ್ತರ ಬರೆದೆವು. ಅವಳ ಒಪ್ಪಿಗೆಯನ್ನು ಪಡೆದು, ಹೆಸರನ್ನು ಹೇಳದೆ, ಆ ಪಾಠವನ್ನು ಇಲ್ಲಿ ತಿದ್ದಿ ವಿಸ್ತಾರವಾಗಿ ಹೇಳುತ್ತೇವೆ. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಇದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

1. ಕಸವು ಅಳಿಯುವುದು, ಲೋಹವು ಉಳಿಯುವುದು

ಗೊಬ್ಬರದ ಗುಂಡಿಗೆ ಒಂದು ಮಂಕರಿ ಎಲೆಗಳನ್ನು ಹಾಕಿ ಆರು ತಿಂಗಳ ಮೇಲೆ ನೋಡಿದರೆ, ಅವು ಎಲೆಗಳೆಂದು ಗುರುತಿಸುವುದಕ್ಕೇ ಆಗುವುದಿಲ್ಲ. ಅವುಗಳ ರಾಶಿಯೂ ಬಹಳ ಕುಗ್ಗಿರುತ್ತದೆ. ಹಾಗಾದರೆ ಎಲೆಗಳು ಎಲ್ಲಿಗೆ ಹೋದುವು? ಎಲೆಯು ಇಂಗಾಲ, ಜಲಜನಕ, ಆಮ್ಲಜನಕ ಮುಂತಾದ ಮೂಲವಸ್ತುಗಳು ಕೂಡಿ ಆದ ಸಂಯುಕ್ತ ಪದಾರ್ಥ. ಜೀವಾಣುಗಳು ಆ ಕಟ್ಟನ್ನು ಬಿಚ್ಚುತ್ತವೆ. ಇಂಗಾಲದ ಬಹುಭಾಗವು ವಾಯುರೂಪದಲ್ಲಿ ಗಾಳಿಗೆ ಸೇರುತ್ತದೆ, ಒಂದು ಭಾಗವು ನೀರಾಗುತ್ತದೆ, ಉಳಿದದ್ದು ಗೊಬ್ಬರ. ಮೂಲವಸ್ತುಗಳು ಇಲ್ಲಿಯೂ ನಾಶವಾಗಲಿಲ್ಲ; ಆದರೆ ಅವು ಬೇರೆಯಾದ ಮೇಲೆ ನಮಗೆ ಹಾನಿಕರವಲ್ಲ.

ಸೀಸದ ಸಂಗತಿ ಹಾಗಲ್ಲ. ಸೀಸವು ತಾನೇ ಒಂದು ಮೂಲವಸ್ತು. ಅದನ್ನು ಬಿಚ್ಚುವುದಕ್ಕೆ ಅದರೊಳಗೆ ಬೇರೆ ಕಟ್ಟು ಇಲ್ಲ. ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ಯುರೇನಿಯಂ ಇವೂ ಹಾಗೆಯೇ. ಪೂರ್ಣವಾಗಿ ಲೋಹವಲ್ಲದಿದ್ದರೂ ಆರ್ಸೆನಿಕ್ ಎಂಬ ಪಾಷಾಣವನ್ನು ಇದೇ ಗುಂಪಿಗೆ ಸೇರಿಸುವುದುಂಟು. ಇವನ್ನು ಸುಟ್ಟರೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಇರುತ್ತವೆ, ತೊಳೆದರೆ ನೀರಿನಲ್ಲಿರುತ್ತವೆ, ಹೂಳಿದರೆ ಮಣ್ಣಿನಲ್ಲಿರುತ್ತವೆ. ಯಾವ ಜೀವಿಯೂ ಇವನ್ನು ತಿಂದು ಇಲ್ಲದಂತೆ ಮಾಡಲಾರದು.

ಇದಕ್ಕೆ ಜಪಾನು ದೇಶದ ತೊಯಾಮ ಪ್ರಾಂತ್ಯದಲ್ಲಿ ಒಂದು ದುಃಖದ ನಿದರ್ಶನವುಂಟು. ಅಲ್ಲಿಯ ಜಿಂಜು ನದಿಯ ಮೇಲುಭಾಗದಲ್ಲಿ ಕಾಮಿಯೋಕಾ ಎಂಬ ಗಣಿ ಇತ್ತು. ಗಣಿಯ ತ್ಯಾಜ್ಯದೊಡನೆ ಕ್ಯಾಡ್ಮಿಯಂ ಲೋಹವು ನದಿಗೆ ಸೇರಿ, ನದಿಯ ನೀರಿನಿಂದ ಗದ್ದೆಗಳಿಗೂ, ಗದ್ದೆಗಳಿಂದ ಅಕ್ಕಿಗೂ ಬಂತು. ಆ ಅನ್ನವನ್ನು ಬಹುವರ್ಷ ಉಂಡವರ ಮೂತ್ರಪಿಂಡಗಳು ಕೆಟ್ಟು ಮೂಳೆಗಳು ಮೆತ್ತಗಾದುವು. ಕೆಮ್ಮಿದರೂ ಪಕ್ಕೆಲುಬು ಮುರಿಯುವ ಸ್ಥಿತಿ ಬಂತು. ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳನ್ನು ಹೆತ್ತು ನಡುವಯಸ್ಸನ್ನು ದಾಟಿದ ಸ್ತ್ರೀಯರು. ಅವರ ನರಳಾಟದಿಂದಲೇ ಆ ರೋಗಕ್ಕೆ ‘ಇತಾಯಿ ಇತಾಯಿ’, ಅಂದರೆ ‘ನೋವು, ನೋವು’ ಎಂದು ಹೆಸರಾಯಿತು. 1968ರಲ್ಲಿ ಜಪಾನು ಸರಕಾರವು ಇದಕ್ಕೆ ಗಣಿಯ ಕ್ಯಾಡ್ಮಿಯಮ್ಮೇ ಕಾರಣವೆಂದು ಒಪ್ಪಿತು. ಅನಂತರ ಗದ್ದೆಗಳ ಕೆಟ್ಟ ಮಣ್ಣನ್ನು ತೆಗೆದು ಆಳದಲ್ಲಿ ಹೂಳಿ ಮೇಲೆ ಒಳ್ಳೆಯ ಮಣ್ಣನ್ನು ಹರಡುವ ಕೆಲಸವು 1979ರಲ್ಲಿ ಆರಂಭವಾಗಿ 2012ರಲ್ಲಿ ಮುಗಿಯಿತು. ಸುಮಾರು 860 ಹೆಕ್ಟೇರು ಭೂಮಿಗೆ ಮೂವತ್ತಮೂರು ವರ್ಷಗಳು ಹಿಡಿದುವು! ಇಷ್ಟಾದರೂ ಲೋಹವು ಇಲ್ಲವಾಗಲಿಲ್ಲ. ಅನ್ನದ ದಾರಿಯಿಂದ ದೂರವಾಯಿತು, ಅಷ್ಟೆ.

ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಲೋಹದ ವಿಷಕ್ಕೆ ಮಾಡುವ ಚಿಕಿತ್ಸೆಯೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಲೋಹವನ್ನು ನಮ್ಮ ಬಾಯಿಯ ದಾರಿಯಿಂದ ದೂರವಿಡುವ ಉಪಾಯವೇ ಆಗಿದೆ. ಸೂಕ್ಷ್ಮಜೀವಿಗಳು ಇದರಲ್ಲಿ ನಮಗೆ ಹೇಗೆ ನೆರವಾಗಬಲ್ಲುವೆಂಬುದನ್ನು ಮುಂದೆ ನೋಡೋಣ.

2. ಜಾಡಿಯಲ್ಲಿ ನಾವು ಕಂಡ ಪಾಠ

ಫಲವತ್ತಾದ ಮಣ್ಣಿನ ಒಂದೇ ಒಂದು ಗ್ರಾಂ ತೂಕದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಇವೂ ನಮ್ಮಂತೆಯೇ ಆಹಾರವನ್ನು ತೆಗೆದುಕೊಂಡು ಉಸಿರಾಡುವ ಜೀವಿಗಳು. ನಾವು ಉಂಡ ಅನ್ನದಿಂದ ಶಕ್ತಿಯನ್ನು ಪಡೆಯುವುದಕ್ಕೆ ಗಾಳಿಯ ಆಮ್ಲಜನಕವು ಬೇಕಷ್ಟೆ. ಆದರೆ ಕೆರೆಯ ತಳದ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ಗಾಳಿಗೆ ಬದಲಾಗಿ ಕಬ್ಬಿಣದ ತುಕ್ಕನ್ನೂ, ಇನ್ನು ಕೆಲವು ಗಂಧಕದ ಲವಣಗಳಾದ ಸಲ್ಫೇಟುಗಳನ್ನೂ ಉಪಯೋಗಿಸಿಕೊಂಡು ಜೀವಿಸುತ್ತವೆ. ಒಂದು ಅರ್ಥದಲ್ಲಿ ಅವು ಲೋಹವನ್ನೇ ಉಸಿರಾಡುತ್ತವೆ ಎನ್ನಬಹುದು.

ಇದನ್ನು ಮಕ್ಕಳಿಗೆ ತೋರಿಸುವುದಕ್ಕಾಗಿ ನಾವು ಶಾಲೆಯಲ್ಲಿ ಒಂದು ಸುಲಭವಾದ ಪ್ರಯೋಗವನ್ನು ಮಾಡಿದೆವು. ರಷ್ಯಾ ದೇಶದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿಯವರು (1856–1953) ತೋರಿಸಿದ ಮಾರ್ಗವೇ ಇದು. ಗಾಜಿನ ಜಾಡಿಯೊಂದಕ್ಕೆ ತೋಟದ ಕೆಂಪು ಮಣ್ಣನ್ನೂ, ಒಂದು ಹಿಡಿ ಕೆರೆಯ ಕೆಸರನ್ನೂ, ಚೂರು ಮಾಡಿದ ಹುಲ್ಲನ್ನೂ, ಸ್ವಲ್ಪ ಬೆಲ್ಲವನ್ನೂ, ಒಂದು ಚಿಟಿಕೆ ಜಿಪ್ಸಮ್ಮನ್ನೂ ಹಾಕಿ, ಮೇಲೆ ನೀರು ನಿಲ್ಲುವಂತೆ ತುಂಬಿ, ಬಾಯಿಗೆ ಮುಚ್ಚಳವಿಟ್ಟು ಕಿಟಕಿಯ ಬಳಿ ಇರಿಸಿದೆವು. ಒಬ್ಬ ಹುಡುಗಿಯು ತನ್ನ ಹಳೆಯ ಕಾಲ್ಗೆಜ್ಜೆಯಿಂದ ಕಳಚಿದ ಬೆಳ್ಳಿಯ ಗುಂಡೊಂದನ್ನು ದಾರದಲ್ಲಿ ಕಟ್ಟಿ ಕೆಸರಿನೊಳಗೆ ಇಳಿಬಿಟ್ಟಳು.

ಕೆಲವು ವಾರಗಳಲ್ಲಿ ಕೆಂಪು ಮಣ್ಣು ಬೂದುಬಣ್ಣಕ್ಕೆ ತಿರುಗಿತು. ನಡುನಡುವೆ ಕಪ್ಪು ಪಟ್ಟಿಗಳು ಕಾಣಿಸಿಕೊಂಡುವು. ಮುಚ್ಚಳವನ್ನು ತೆರೆದಾಗ ಕೊಳೆತ ಮೊಟ್ಟೆಯ ನಾತ ಬಂದು ಹುಡುಗಿಯರೆಲ್ಲರೂ ಸೆರಗಿನಿಂದಲೂ ಕರವಸ್ತ್ರದಿಂದಲೂ ಮೂಗು ಮುಚ್ಚಿಕೊಂಡರು. ಬೆಳ್ಳಿಯ ಗುಂಡು ಇದ್ದಿಲಿನಂತೆ ಕಪ್ಪಾಗಿತ್ತು. ಇದರ ಅರ್ಥವೇನು? ಕಬ್ಬಿಣವನ್ನು ಉಸಿರಾಡುವ ಜೀವಾಣುಗಳು ಮಣ್ಣಿನ ಕೆಂಪು ತುಕ್ಕಿನ ಸ್ಥಿತಿಯನ್ನು ಬದಲಾಯಿಸಿದುವು. ಸಲ್ಫೇಟನ್ನು ಉಸಿರಾಡುವ ಜೀವಾಣುಗಳು ನಾತದ ವಾಯುವಾದ ಜಲಜನಕ ಸಲ್ಫೈಡನ್ನು ಹೊರಬಿಟ್ಟುವು; ಅದು ಕಬ್ಬಿಣದೊಡನೆಯೂ ಬೆಳ್ಳಿಯೊಡನೆಯೂ ಕೂಡಿ ನೀರಿನಲ್ಲಿ ಕರಗದ ಕಪ್ಪು ಪದಾರ್ಥವಾಯಿತು. ನಮ್ಮ ಮನೆಗಳಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲೂ ಕಾಲುಂಗುರವೂ ಕಪ್ಪಾಗುವುದು ಇದೇ ಸಲ್ಫೈಡಿನ ಕಾರ್ಯ.

ಪ್ರಯೋಗವು ಇಲ್ಲಿಗೆ ಮುಗಿಯಲಿಲ್ಲ. ಜಾಡಿಯ ಕೆಸರನ್ನು ಒಂದು ತಟ್ಟೆಯಲ್ಲಿ ಹರಡಿ ಗಾಳಿಗೆ ಇಟ್ಟೆವು. ಕೆಲವೇ ದಿನಗಳಲ್ಲಿ ಕಪ್ಪು ಮಾಯವಾಗಿ ಮಣ್ಣು ಮರಳಿ ಕೆಂಪಾಯಿತು! “ಹಾಗಾದರೆ ಅಷ್ಟು ದಿನದ ಕೆಲಸ ವ್ಯರ್ಥವಾಯಿತೇ?” ಎಂದು ಒಬ್ಬಳು ಕೇಳಿದಳು. ಈ ಪ್ರಶ್ನೆಯೇ ಈ ಪಾಠದ ತಿರುಳು. ಜೀವಾಣುಗಳು ಲೋಹವನ್ನು ಕಟ್ಟಿಹಾಕಬಲ್ಲುವು. ಆದರೆ ಆ ಕಟ್ಟು ಗಾಳಿಯಿಂದಲೋ ಆಮ್ಲದಿಂದಲೋ ಬಿಚ್ಚಿಹೋಗಬಹುದು.

3. ಸೂಕ್ಷ್ಮಜೀವಿಗಳು ಮಾಡಬಲ್ಲ ನಾಲ್ಕು ಕಾರ್ಯಗಳು

ಮೊದಲನೆಯದು, ಅಂಟಿಸಿಕೊಳ್ಳುವುದು. ಜೀವಾಣುಗಳ ಮೈಗೋಡೆಯಲ್ಲಿ ಋಣವಿದ್ಯುತ್ತಿನ ಅಂಶವಿರುವುದರಿಂದ, ನೀರಿನಲ್ಲಿ ಕರಗಿದ ಲೋಹದ ಧನಕಣಗಳು ಅದಕ್ಕೆ ಅಂಟುತ್ತವೆ. ಜೀವಾಣು ಸತ್ತು ಕೊಳೆತಾಗ ಅವು ಮತ್ತೆ ಬಿಡುಗಡೆಯಾಗಬಹುದು.

ಎರಡನೆಯದು, ಲೋಹದ ಸ್ಥಿತಿಯನ್ನು ಬದಲಾಯಿಸುವುದು. ಕ್ರೋಮಿಯಂ ಲೋಹದ ಲವಣಗಳಲ್ಲಿ ಹಳದಿ ಬಣ್ಣದವು ನೀರಿನಲ್ಲಿ ಸುಲಭವಾಗಿ ಕರಗಿ ಬಾವಿಗಳಿಗೆ ಸೇರತಕ್ಕವು. ಉಸಿರಿನೊಡನೆ ಒಳಗೆ ಹೋದರೆ ಕ್ಯಾನ್ಸರನ್ನು ತರತಕ್ಕವು. ಹಸುರು ಬಣ್ಣದ ಸ್ಥಿತಿಯಲ್ಲಿ ವಿಷ ಬಹಳ ಕಡಿಮೆ; ಸಾಧಾರಣ ಮಣ್ಣಿನಲ್ಲಿ ಅದು ಕರಗದೆ ನಿಂತುಬಿಡುವುದು. ಅನೇಕ ಬ್ಯಾಕ್ಟೀರಿಯಗಳು ಮೊದಲನೆಯದನ್ನು ಎರಡನೆಯದನ್ನಾಗಿ ಮಾಡಬಲ್ಲುವು. ಯುರೇನಿಯಮ್ಮನ್ನೂ ಕರಗುವ ಸ್ಥಿತಿಯಿಂದ ಕರಗದ ಸ್ಥಿತಿಗೆ ತರಬಲ್ಲ ಜೀವಾಣುಗಳುಂಟೆಂದು ಅಮೆರಿಕದ ಡೆರೆಕ್ ಲವ್ಲಿಯವರೂ ಅವರ ಜೊತೆಗಾರರೂ 1991ರಲ್ಲಿ ತೋರಿಸಿದರು.

ಮೂರನೆಯದು, ಜಾಡಿಯಲ್ಲಿ ನಾವು ಕಂಡಂತೆ, ಸಲ್ಫೈಡಾಗಿ ಇಳಿಸುವುದು. ಸತು, ಕ್ಯಾಡ್ಮಿಯಂ, ಸೀಸ, ತಾಮ್ರ ಇವುಗಳ ಸಲ್ಫೈಡುಗಳು ನೀರಿನಲ್ಲಿ ಬಹು ಸ್ವಲ್ಪವೇ ಕರಗುತ್ತವೆ.

ನಾಲ್ಕನೆಯದು ಇವಕ್ಕೆ ವಿರುದ್ಧವಾದದ್ದು, ಅಂದರೆ ಕಟ್ಟಿದ್ದನ್ನು ಬಿಚ್ಚುವುದು. ಗಾಳಿಯಲ್ಲಿ ವಾಸಿಸುವ ಕೆಲವು ಜೀವಾಣುಗಳು ಗಂಧಕವುಳ್ಳ ಅದುರಿನಿಂದ ಶಕ್ತಿಯನ್ನು ಪಡೆದು ಗಂಧಕಾಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲದಲ್ಲಿ ಲೋಹಗಳು ಕರಗಿ ಹರಿಯುತ್ತವೆ. ಗಣಿಗಳಿಂದ ಹರಿಯುವ ಆಮ್ಲದ ನೀರಿಗೆ ಬ್ಯಾಕ್ಟೀರಿಯಗಳೂ ಕಾರಣವೆಂಬುದನ್ನು ಕೋಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದರು. ಈ ಶಕ್ತಿಯನ್ನೇ ಹತೋಟಿಯಲ್ಲಿಟ್ಟುಕೊಂಡು ಕೆಳದರ್ಜೆಯ ಅದುರಿನಿಂದ ತಾಮ್ರವನ್ನು ಪಡೆಯುವುದೂ ಉಂಟು. ಹತೋಟಿ ಇಲ್ಲದ ಕಡೆ ಅದೇ ಹೊಳೆಗಳನ್ನು ಕೆಡಿಸುವುದೂ ಉಂಟು.

4. ಕಾರ್ಯತಃ ಕಂಡ ಫಲಗಳು

ಅಮೆರಿಕದ ಕೊಲೊರಾಡೋ ಸಂಸ್ಥಾನದಲ್ಲಿ ರೈಫಲ್ ಎಂಬ ಊರು ಇದೆ. ಅಲ್ಲಿ ಹಿಂದೆ ಯುರೇನಿಯಂ ಅದುರನ್ನು ಸಂಸ್ಕರಿಸುತ್ತಿದ್ದ ಸ್ಥಳದ ಕೆಳಗಿನ ಅಂತರ್ಜಲದಲ್ಲಿ ಯುರೇನಿಯಂ ಬೆರೆತಿತ್ತು. 2002ರಲ್ಲಿ ವಿಜ್ಞಾನಿಗಳು ಅಲ್ಲಿಗೆ ಯಾವ ಹೊಸ ಜೀವಾಣುವನ್ನೂ ತರಲಿಲ್ಲ. ಹುಳಿಕಾಡಿಯ ಸಾರವಾದ ಅಸಿಟಿಕ್ ಆಮ್ಲದ ಲವಣವನ್ನು, ಅಂದರೆ ಅಸಿಟೇಟನ್ನು, ಕೊಳವೆಬಾವಿಗಳ ಮೂಲಕ ನೆಲದೊಳಗೆ ಇಳಿಸಿದರು. ಅಲ್ಲಿಯೇ ಇದ್ದ ಜಿಯೋಬ್ಯಾಕ್ಟರ್ ಎಂಬ ಕಬ್ಬಿಣವನ್ನು ಉಸಿರಾಡುವ ಜೀವಾಣುಗಳು ಈ ಆಹಾರವನ್ನು ಪಡೆದು ಹೆಚ್ಚಿದುವು. ಐವತ್ತು ದಿನಗಳೊಳಗೆ ಕೆಲವು ಬಾವಿಗಳ ನೀರಿನಲ್ಲಿ ಯುರೇನಿಯಂ ನಿಯಮಿತ ಮಿತಿಗಿಂತಲೂ ಕೆಳಕ್ಕೆ ಇಳಿಯಿತು.

ಆದರೆ ಮುಂದೇನಾಯಿತು? ಆಹಾರವನ್ನು ಇಳಿಸುತ್ತಿದ್ದ ಸ್ಥಳದ ಬಳಿಯಲ್ಲಿ ಜೀವಾಣುಗಳಿಗೆ ಬೇಕಾದ ಕಬ್ಬಿಣವು ಮುಗಿಯುತ್ತ ಬಂತು. ಸಲ್ಫೇಟನ್ನು ಉಸಿರಾಡುವ ಬೇರೆ ಜೀವಾಣುಗಳು ಮೇಲುಗೈಯಾಗಿ ಅಸಿಟೇಟನ್ನು ತಾವೇ ಬಳಸಿಕೊಂಡುವು. ಯುರೇನಿಯಂ ಮತ್ತೆ ಏರತೊಡಗಿತು. ನೆಲದೊಳಗಿನ ಈ ಸಂಸಾರವೂ ನಮ್ಮ ಸಂಸಾರದಂತೆಯೇ. ಯಾರಿಗೆ ಎಷ್ಟು ಬಡಿಸಬೇಕೆಂಬುದನ್ನು ದಿನದಿನವೂ ನೋಡುತ್ತಿರಬೇಕು.

ಎರಡನೆಯ ದೃಷ್ಟಾಂತವು ಪೆನ್ಸಿಲ್ವೇನಿಯಾ ಸಂಸ್ಥಾನದ ವಿಲಿಯಂಸ್‌ಪೋರ್ಟ್ ಎಂಬ ಊರಿನದು. ಅಲ್ಲಿ ವಿಮಾನದ ಎಂಜಿನುಗಳ ಕಾರ್ಖಾನೆಯ ಕೆಳಗಿನ ನೀರಿನಲ್ಲಿ ಹಳದಿ ಸ್ಥಿತಿಯ ಕ್ರೋಮಿಯಂ ಸೇರಿತ್ತು. 1990ರ ದಶಕದ ಕೊನೆಯಲ್ಲಿ ಆ ನೆಲದ ಜೀವಾಣುಗಳಿಗೆ ಆಹಾರವಾಗಿ ಕಾಕಂಬಿಯನ್ನು ಕೊಟ್ಟರು. ಸಕ್ಕರೆ ಕಾರ್ಖಾನೆಯ ಬಳಿಯ ಊರಿನವರಿಗೆ ಪರಿಚಯವಾದ ಅದೇ ಕಪ್ಪು ಕಾಕಂಬಿ. ಜೀವಾಣುಗಳು ಅದನ್ನು ತಿಂದು ನೆಲದೊಳಗಿನ ಆಮ್ಲಜನಕವನ್ನು ಮುಗಿಸಿದ ಮೇಲೆ ಕ್ರೋಮಿಯಂ ಕರಗದ ಸ್ಥಿತಿಗೆ ತಿರುಗಿತು.

ಮೂರನೆಯದು ಹಾಲೆಂಡ್ ದೇಶದ ಬುಡೆಲ್ ಎಂಬಲ್ಲಿಯದು. 1892ರಲ್ಲಿ ಸ್ಥಾಪಿತವಾದ ಸತುವಿನ ಕಾರ್ಖಾನೆಯ ಕೆಳಗೆ ಒಂದು ಶತಮಾನದ ಲೋಹವು ಅಂತರ್ಜಲಕ್ಕೆ ಇಳಿದಿತ್ತು. 1992ರಿಂದ ಆ ನೀರನ್ನು ಮೇಲಕ್ಕೆತ್ತಿ, ಸಲ್ಫೇಟನ್ನು ಉಸಿರಾಡುವ ಜೀವಾಣುಗಳಿರುವ ದೊಡ್ಡ ತೊಟ್ಟಿಗಳಲ್ಲಿ ಹಾಯಿಸುವ ಏರ್ಪಾಡಾಯಿತು. ಇಲ್ಲಿ ಜೀವಾಣುಗಳಿಗೆ ಕೊಟ್ಟ ಆಹಾರವು ಮದ್ಯಸಾರ. ಸತುವು ಸಲ್ಫೈಡಾಗಿ ತಳಕ್ಕೆ ಇಳಿಯುತ್ತಿತ್ತು. ಅದನ್ನು ತೆಗೆದು ಕಾರ್ಖಾನೆಯ ಕುಲುಮೆಗೇ ಮರಳಿ ಕೊಡುತ್ತಿದ್ದರು. ಈ ಮೂರು ದೃಷ್ಟಾಂತಗಳಲ್ಲಿ ನಮಗೆ ಬಹಳ ಮೆಚ್ಚಿಕೆಯಾದದ್ದು ಇದೇ. ಏಕೆಂದರೆ ಇಲ್ಲಿ ಲೋಹವನ್ನು ನೆಲದಲ್ಲಿ ಕಟ್ಟಿಹಾಕಿದ್ದಲ್ಲದೆ, ಹೊರಕ್ಕೆ ತೆಗೆದು ಉಪಯೋಗಕ್ಕೂ ತಂದರು.

5. ಪಾದರಸದ ಎಚ್ಚರಿಕೆ

ಸೂಕ್ಷ್ಮಜೀವಿಗಳೆಲ್ಲವೂ ನಮ್ಮ ಸೇವಕರೆಂದು ಭಾವಿಸಬಾರದೆಂಬುದಕ್ಕೆ ಪಾದರಸವು ಒಳ್ಳೆಯ ನಿದರ್ಶನ. ಕೆಲವು ಬ್ಯಾಕ್ಟೀರಿಯಗಳು ಪಾದರಸದ ವಿಷಲವಣಗಳನ್ನು ಶುದ್ಧ ಪಾದರಸವನ್ನಾಗಿ ಮಾಡುತ್ತವೆ. ಅದು ಆವಿಯಾಗಿ ಮಣ್ಣನ್ನು ಬಿಟ್ಟುಹೋಗುತ್ತದೆ. ಮಣ್ಣೇನೋ ಹಗುರವಾಯಿತು, ಆದರೆ ಆ ಆವಿಯನ್ನು ಹಿಡಿಯದಿದ್ದರೆ ಗಾಳಿಗೆ ಭಾರವಾಯಿತು.

ಇದಕ್ಕಿಂತಲೂ ಭಯಂಕರವಾದದ್ದು ಇನ್ನೊಂದುಂಟು. ಗಾಳಿಯಿಲ್ಲದ ಕೆಸರಿನ ಕೆಲವು ಜೀವಾಣುಗಳು ಪಾದರಸವನ್ನು ಮೀಥೈಲ್ ಪಾದರಸವೆಂಬ ಮಹಾವಿಷವನ್ನಾಗಿ ಮಾಡುತ್ತವೆಂದು ಸ್ವೀಡನ್ ದೇಶದ ಯೆನ್ಸೆನ್ ಮತ್ತು ಯರ್ನೆಲೋವ್ ಎಂಬವರು 1969ರಲ್ಲಿ ಪ್ರಕಟಿಸಿದರು. ಈ ವಿಷವು ಮೀನಿನ ಮೈಯಲ್ಲಿ ಕೂಡುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯ ಮೀನನ್ನು ತಿಂದವರ ನರಗಳನ್ನು ಹಾಳುಮಾಡಿ, 1956ರಲ್ಲಿ ಲೋಕಕ್ಕೆ ತಿಳಿದುಬಂದ ಮಿನಮಾಟ ರೋಗಕ್ಕೆ ಕಾರಣವಾದದ್ದು ಇದೇ ವಿಷ. ಅಲ್ಲಿ ಕಾರ್ಖಾನೆಯ ನೀರಿನಲ್ಲಿಯೇ ಅದು ಸಿದ್ಧವಾಗಿ ಬರುತ್ತಿತ್ತು. ಆದರೆ ಬೇರೆ ಕೆಸರುಗಳಲ್ಲಿ ಜೀವಾಣುಗಳೇ ಅದನ್ನು ತಯಾರಿಸಬಲ್ಲುವು. ಇವುಗಳಲ್ಲಿ ಸಲ್ಫೇಟನ್ನು ಉಸಿರಾಡುವ ಜಾತಿಯವೂ ಉಂಟು. ಬುಡೆಲ್ಲಿನಲ್ಲಿ ಉಪಕಾರ ಮಾಡಿದ ಕುಲದ ಬಂಧುಗಳೇ ಇಲ್ಲಿ ಅಪಕಾರ ಮಾಡುತ್ತವೆ. ಆದುದರಿಂದ ಯಾವ ಲೋಹ, ಯಾವ ಮಣ್ಣು, ಯಾವ ಜೀವಾಣು ಎಂಬುದನ್ನು ವಿಚಾರಿಸದೆ ಹೆಸರಿಲ್ಲದ ಪುಡಿಯನ್ನು ನೆಲಕ್ಕೆ ಚೆಲ್ಲುವುದು ಯುಕ್ತವಲ್ಲ.

6. ನಮ್ಮ ಸಮೀಪದ ಸಂಗತಿಗಳು

ಇವೆಲ್ಲವೂ ದೂರದೇಶದ ಮಾತುಗಳೆಂದು ತಿಳಿಯಬೇಡಿರಿ. ನೆರೆಯ ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ಲವಣಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯು 1990ರ ದಶಕದಲ್ಲಿ ಮುಚ್ಚಿದಾಗ ಸುಮಾರು ಒಂದೂವರೆ ಲಕ್ಷ ಟನ್ ತ್ಯಾಜ್ಯವು ಬಯಲಿನಲ್ಲಿ ಉಳಿಯಿತು. ಮಳೆ ಬಂದಾಗ ಹಳದಿಯ ನೀರು ಹರಿಯಿತು.

ನಮ್ಮ ನಾಡಿನ ಕೋಲಾರ ಚಿನ್ನದ ಗಣಿಯು ನೂರಕ್ಕೂ ಹೆಚ್ಚು ವರ್ಷ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ಗುಡ್ಡಗಳನ್ನು ಅಲ್ಲಿಯ ಜನರು ‘ಸೈನೈಡ್ ದಿಬ್ಬ’ಗಳೆಂದು ಕರೆಯುತ್ತಾರೆ. ಮೂರು ಕೋಟಿ ಟನ್ನಿಗೂ ಮಿಕ್ಕಿದ ಈ ಪುಡಿಯು ಗಾಳಿಯ ಕಾಲದಲ್ಲಿ ಮನೆಗಳ ಮೇಲೆ ಧೂಳಾಗಿ ಬೀಳುವುದನ್ನು ಅಲ್ಲಿಂದ ಬಂದವರು ಬಲ್ಲರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೈನೈಡು ಕೇಡಿನ ವಿಷವೇ ಆದರೂ ಅದು ಇಂಗಾಲವೂ ಸಾರಜನಕವೂ ಕೂಡಿದ ಸಂಯುಕ್ತ. ಆದುದರಿಂದ ಎಲೆಯಂತೆ ಅದನ್ನೂ ಬಿಚ್ಚಬಹುದು. ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಲ್ಲಿ 1984ರಿಂದ ಗಣಿಯ ನೀರನ್ನು ತಿರುಗುವ ದೊಡ್ಡ ಬಿಲ್ಲೆಗಳ ಮೇಲೆ ಹಾಯಿಸುತ್ತಿದ್ದರು. ಬಿಲ್ಲೆಗಳ ಮೇಲಿನ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಸೈನೈಡನ್ನು ಒಡೆಯುತ್ತಿದ್ದುವು. ಅದೇ ನೀರಿನ ಲೋಹಗಳಾದರೋ ಒಡೆಯಲಿಲ್ಲ. ಲೋಳೆಗೆ ಅಂಟಿಕೊಂಡು ನೀರಿನಿಂದ ಬೇರೆಯಾದುವು. ಒಂದೇ ತೊಟ್ಟಿಯಲ್ಲಿ ಎರಡು ವಿಷಗಳು: ಒಂದು ಅಳಿಯಿತು, ಇನ್ನೊಂದು ಸ್ಥಳ ಬದಲಾಯಿಸಿತು. ನಮ್ಮ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಡ.

ಗಣಿಪುಡಿಯ ಗುಡ್ಡಗಳ ಮೇಲೆ ಹುಲ್ಲುಗಿಡಗಳನ್ನು ಎಬ್ಬಿಸಿ ಧೂಳನ್ನು ತಡೆಯುವುದು ಹಲವು ದೇಶಗಳಲ್ಲಿ ನಡೆದುಬಂದ ಉಪಾಯ. ಸಾರವಿಲ್ಲದ ಆ ಪುಡಿಯಲ್ಲಿ ಸಸಿಯು ಬೇರೂರುವುದಕ್ಕೆ, ಬೇರಿನೊಡನೆ ಬಾಳುವ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ನೆರವಾಗುತ್ತವೆ. ನೀರನ್ನೂ ರಂಜಕವನ್ನೂ ಒದಗಿಸಿಕೊಟ್ಟು ಲೋಹದ ಒಂದು ಭಾಗವನ್ನು ಬೇರಿನ ಬಳಿಯಲ್ಲೇ ತಡೆಹಿಡಿಯುತ್ತವೆ. ಇಲ್ಲಿಯೂ ಲೋಹವು ಹೋಗುವುದಿಲ್ಲ. ಧೂಳಾಗಿ ಮಕ್ಕಳ ಎದೆಗೆ ಸೇರುವುದು ತಪ್ಪುತ್ತದೆ.

7. ಆ ತಾಯಿಗೆ ನಾವು ಕೊಟ್ಟ ಉತ್ತರ

ಈಗ ಮೊದಲಿನ ಕಾಗದಕ್ಕೆ ಬರೋಣ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಹಾನಿ ಮಾಡದಷ್ಟು ಸೀಸವೆಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಲೋಕದ ಮಕ್ಕಳಲ್ಲಿ ಮೂವರಿಗೊಬ್ಬರಂತೆ, ಸುಮಾರು ಎಂಬತ್ತು ಕೋಟಿ ಮಕ್ಕಳ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿರುವುದೆಂದು ಯುನಿಸೆಫ್ ಸಂಸ್ಥೆಯ 2020ರ ವರದಿಯು ತಿಳಿಸಿತು. ಹಳೆಯ ಬ್ಯಾಟರಿಗಳನ್ನು ಎಚ್ಚರಿಕೆಯಿಲ್ಲದೆ ಒಡೆದು ಕರಗಿಸುವುದು ಅದರ ಮುಖ್ಯ ಕಾರಣಗಳಲ್ಲೊಂದು.

ಸೀಸದ ವಿಷಯದಲ್ಲಿ ಸೂಕ್ಷ್ಮಜೀವಿಗಳ ಉಪಕಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮಣ್ಣಿನ ಕೆಲವು ಬ್ಯಾಕ್ಟೀರಿಯಗಳೂ ಶಿಲೀಂಧ್ರಗಳೂ ಸಿಕ್ಕಿಬಿದ್ದಿರುವ ರಂಜಕವನ್ನು ಬಿಡಿಸಿಕೊಡುತ್ತವೆ. ಆ ರಂಜಕವು ಫಾಸ್ಫೇಟಿನ ರೂಪದಲ್ಲಿ ಸೀಸದೊಡನೆ ಕೂಡಿ, ಬಹು ಕಷ್ಟದಿಂದ ಕರಗುವ ಒಂದು ಖನಿಜವಾಗುತ್ತದೆ. ಹಾಗಾದ ಸೀಸವು ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಕಡಿಮೆ. ಆದರೆ ಸೀಸವು ಹಿತ್ತಲಿನಲ್ಲೇ ಇರುವುದು. ಮೂರು ತಿಂಗಳಲ್ಲಿ ಅದನ್ನು ತಿಂದು ಮುಗಿಸುವ ಪುಡಿಯು ಲೋಕದಲ್ಲಿಲ್ಲ, ಇರುವುದಕ್ಕೂ ಆಗದು. ಆದುದರಿಂದ ನಾವು ಅವಳಿಗೆ ಹೀಗೆ ಬರೆದೆವು:

(1) ಮಗುವನ್ನು ಇಂದಿನಿಂದಲೇ ಆ ಮಣ್ಣಿನಲ್ಲಿ ಆಡಗೊಡಬೇಡ. ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ರಕ್ತದಲ್ಲಿ ಸೀಸದ ಪರೀಕ್ಷೆಯನ್ನು ಮಾಡಿಸು. ಮನೆಯ ಇತರರೂ, ಮುಖ್ಯವಾಗಿ ಗರ್ಭಿಣಿಯರಿದ್ದರೆ ಅವರೂ, ಪರೀಕ್ಷೆ ಮಾಡಿಸಿಕೊಳ್ಳಲಿ.

(2) ಅಲ್ಲಿ ಬೆಳೆದ ಸೊಪ್ಪನ್ನೂ ಗೆಡ್ಡೆಗಳನ್ನೂ ಉಣ್ಣಬೇಡ. ಸೊಪ್ಪಿಗೆ ಧೂಳು ಅಂಟಿರುತ್ತದೆ. ಗೆಡ್ಡೆಯು ಮಣ್ಣಿನಲ್ಲೇ ಇರುತ್ತದೆ. ಕೈತೋಟ ಬೇಕಾದರೆ, ತಳಕ್ಕೆ ಗಟ್ಟಿಯಾದ ಹಾಸನ್ನು ಹಾಕಿ, ಬೇರೆಡೆಯಿಂದ ತಂದ ಒಳ್ಳೆಯ ಮಣ್ಣಿನ ಎತ್ತರದ ಮಡಿಗಳಲ್ಲಿ ಬೆಳೆಸು.

(3) ಬರಿನೆಲವನ್ನು ಬಿಡಬೇಡ. ಗೊಬ್ಬರವನ್ನೂ ಒಳ್ಳೆಯ ಮಣ್ಣನ್ನೂ ದಪ್ಪವಾಗಿ ಹರಡಿ ಹುಲ್ಲನ್ನು ಎಬ್ಬಿಸು, ಅಥವಾ ಚಪ್ಪಡಿಗಳನ್ನು ಹಾಸು. ಗುಡಿಸುವ ಮೊದಲು ನೀರು ಚಿಮುಕಿಸು. ಒಣನೆಲವನ್ನು ಗುಡಿಸಿ ಧೂಳೆಬ್ಬಿಸಬೇಡ.

(4) ಪಾದರಕ್ಷೆಗಳನ್ನು ಬಾಗಿಲ ಹೊರಗೆ ಬಿಡಿರಿ. ಊಟಕ್ಕೆ ಮೊದಲು ಮಗುವಿನ ಕೈಗಳನ್ನು ಸಾಬೂನಿನಿಂದ ತೊಳೆ. ಕಬ್ಬಿಣವೂ ಸುಣ್ಣದ ಸತ್ವವೂ ಸಾಕಷ್ಟಿರುವ ಆಹಾರವನ್ನು ಕೊಡು. ರಾಗಿ, ಹಾಲು, ಬೇಳೆಗಳು ಒಳ್ಳೆಯವು. ಇವು ಕಡಿಮೆಯಾದ ಮೈಯು ಸೀಸವನ್ನು ಹೆಚ್ಚಾಗಿ ಹೀರುತ್ತದೆ.

(5) ಪರೀಕ್ಷೆಯ ವರದಿಯೊಡನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿಯನ್ನು ಕೊಡು, ನೆರೆಮನೆಯವರಿಗೂ ತಿಳಿಸು. ಒಂದು ಹಿತ್ತಲಿಗೆ ಬಿದ್ದ ಧೂಳು ಬೇಲಿಯನ್ನು ಕೇಳಿ ನಿಲ್ಲುವುದಿಲ್ಲ.

(6) ಆ ವ್ಯಾಪಾರಿಯು ಮರಳಿ ಬಂದರೆ ಮೂರು ಪ್ರಶ್ನೆಗಳನ್ನು ಕೇಳು. ಈ ಪುಡಿಯಲ್ಲಿರುವ ಜೀವಾಣು ಯಾವುದು? ಅದಕ್ಕೆ ಆಹಾರವೇನು? ಕೆಲಸ ಮುಗಿದ ಮೇಲೆ ಸೀಸವು ಎಲ್ಲಿರುತ್ತದೆ?

ಆರೇಳು ವಾರಗಳ ಮೇಲೆ ಅವಳಿಂದ ಉತ್ತರ ಬಂತು. ವ್ಯಾಪಾರಿಯು ಮೂರನೆಯ ಪ್ರಶ್ನೆಗೆ ಉತ್ತರವನ್ನು ಕೊಡದೆ ಹೊರಟುಹೋದನಂತೆ. ಮಗುವಿನ ರಕ್ತದಲ್ಲಿ ಸೀಸವು ಇರಬೇಕಾದುದಕ್ಕಿಂತ ಹೆಚ್ಚಾಗಿಯೇ ಇತ್ತು. ಔಷಧವನ್ನು ಕೊಡುವಷ್ಟು ಅಲ್ಲವೆಂದೂ, ಸೀಸವು ಬರುವ ದಾರಿಯನ್ನು ಮುಚ್ಚುವುದೇ ಚಿಕಿತ್ಸೆಯೆಂದೂ ವೈದ್ಯರು ಹೇಳಿದರಂತೆ. ನಾಲ್ಕು ಮನೆಯವರು ಕೂಡಿ ಹಿತ್ತಲುಗಳಿಗೆ ಮಣ್ಣು ಹೊಡೆಸಿ ಹುಲ್ಲು ನೆಟ್ಟರು. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕೆಯು ಇಳಿದಿತ್ತು, ಪೂರ್ಣವಾಗಿ ಹೋಗಿರಲಿಲ್ಲ. ಒಮ್ಮೆ ಒಳಗೆ ಸೇರಿದ ಸೀಸವು ಮೂಳೆಗಳಲ್ಲಿ ಬಹುಕಾಲ ಅಡಗಿರುತ್ತದೆ. ಆದುದರಿಂದಲೇ ಬರುವ ಮೊದಲು ತಡೆಯುವುದಕ್ಕೆ ಸಮಾನವಾದ ಚಿಕಿತ್ಸೆಯು ಬೇರೊಂದಿಲ್ಲ.

ಈ ವರ್ಷದಿಂದ ಗೊಬ್ಬರದ ಗುಂಡಿಯ ಪಾಠವನ್ನು ನಾವು ಬೇರೆ ರೀತಿಯಲ್ಲಿ ಹೇಳುತ್ತಿದ್ದೇವೆ. ಎಲೆಗಳೊಡನೆ ಒಂದು ಹಳೆಯ ತಾಮ್ರದ ಕಾಸನ್ನೂ ಗುಂಡಿಗೆ ಹಾಕಿಸುತ್ತೇವೆ. ಗೊಬ್ಬರವನ್ನು ತೆಗೆಯುವ ದಿನ ಹುಡುಗಿಯರು ಜರಡಿ ಹಿಡಿದು ಅದನ್ನು ಹುಡುಕುತ್ತಾರೆ. ಕಾಸು ಹಸುರಾಗಿಯೋ ಕಪ್ಪಾಗಿಯೋ ಇರುತ್ತದೆ; ಆದರೆ ಇರುತ್ತದೆ. ಅದನ್ನು ಅಂಗೈಯಲ್ಲಿ ಹಿಡಿದ ಹುಡುಗಿಗೆ ಮುಂದೆ ಯಾರೂ ಲೋಹವನ್ನು ತಿನ್ನುವ ಪುಡಿಯನ್ನು ಮಾರಲಾರರೆಂದು ನಾವು ನಂಬಿದ್ದೇವೆ.